ಆನ್ಯೊ ನ್ವೆವೊ ಪಾರ್ಕಿನಲ್ಲಿ ಡೋಸೆಂಟ್ ಆಗಿ ಸೇವೆ ಮಾಡೋದು: ಮಾಡಿದವರು ಯಾರಾದ್ರೂ ಇದೀರಾ?

ಸುಮಾ_ಸನ್ನಿವೇಲ್

ಎಲ್ರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಒಂದನೇ ಹೆದ್ದಾರಿಯಲ್ಲಿ ಹಾಫ್ ಮೂನ್ ಬೇ ದಾಟಿ ಸಾಂತಾ ಕ್ರೂಜ್ ಕಡೆ ಹೋಗುವಾಗ ಆನ್ಯೊ ನ್ವೆವೊ ಸ್ಟೇಟ್ ಪಾರ್ಕ್ ಸಿಗತ್ತಲ್ಲ, ಎಲಿಫೆಂಟ್ ಸೀಲ್ (ಗಂಡಿಗೆ ಸೊಂಡಿಲಿನಂಥ ಮೂಗಿರೋ ದೊಡ್ಡ ಕಡಲ ಪ್ರಾಣಿ) ನೋಡೋಕೆ ಹೋಗೋ ಜಾಗ, ಅಲ್ಲಿ ಯಾರಾದ್ರೂ ಡೋಸೆಂಟ್ ಆಗಿ ಕೆಲಸ ಮಾಡಿದೀರಾ? ಡೋಸೆಂಟ್ ಅಂದ್ರೆ ಸಂಬಳ ಇಲ್ಲದ ಗೈಡ್. ಮಗಳು ಶಾಲೆಗೆ ಸೇರಿದ ಮೇಲೆ ನನಗೆ ವಾರದಲ್ಲಿ ಒಂದು ದಿನ ಬಿಡುವು ಸಿಗ್ತಿದೆ. ದೇವಸ್ಥಾನದ ಅಡುಗೆಮನೆ ಸೇವೆ, ಕನ್ನಡ ಕೂಟದ ಯುಗಾದಿ ಗಲಾಟೆ ಎಲ್ಲ ಮಾಡಿಯಾಯ್ತು. ಈಗ ಗಾಳಿ ಬೆಳಕಿರೋ ಜಾಗದಲ್ಲಿ ಏನಾದ್ರೂ ಮಾಡೋಣ ಅನ್ನಿಸಿದೆ.

ಟ್ರೇನಿಂಗ್ ಹೇಗಿರತ್ತೆ? ಬಯಾಲಜಿ ಓದಿರಬೇಕಾ (ನಾನು ಬಿಕಾಂ)? ಎಚ್4 ವೀಸಾದವರು (ಕೆಲಸದ ವೀಸಾದಲ್ಲಿರೋರ ಗಂಡ ಅಥವಾ ಹೆಂಡತಿ) ಮಾಡಬಹುದಾ? ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ನಿಜವಾಗಿ ಮಾಡೋ ಕೆಲಸ ಏನು? ಪಾರ್ಕಿನವರು ಬರೆದಿರೋದನ್ನ ಓದಿದೀನಿ. ಮಾಡಿದವರ ಬಾಯಿಂದ ಕೇಳಬೇಕು.

ಬೆಂಗ್ಳೂರ್_ಬಾಲು

ವಾಸನೆ ತಡ್ಕೊಳೋ ಕೆಲಸ. ನಾವು ಫೆಬ್ರವರಿಯಲ್ಲಿ ಹೋಗಿದ್ವಿ, ಜಾಕೆಟ್ಟಿಗೆ ಹತ್ತಿದ ವಾಸನೆ ಒಗೆದ್ರೂ ಹೋಗ್ಲಿಲ್ಲ.

ಕಡಲ_ಕಾಗೆ

ಸುಮಾ ಅವ್ರೆ, ನಾನು ಕೆಲವು ವರ್ಷದಿಂದ ಅಲ್ಲಿ ಡೋಸೆಂಟ್. ಊರು ಕುಮಟಾ, ಹೊಟ್ಟೆಪಾಡು ಸಾಫ್ಟ್‌ವೇರ್, ಬಯಾಲಜಿಯನ್ನ ಪಿಯುಸಿಗೇ ಕೈಬಿಟ್ಟವನು. ಹಾಗಾಗಿ ನಿಮ್ಮ ಬಿಕಾಂ ಅಡ್ಡ ಬರಲ್ಲ. ನನ್ನ ಜೊತೆ ಟ್ರೇನಿಂಗ್ ತಗೊಂಡವರಲ್ಲಿ ನಿವೃತ್ತ ನರ್ಸ್ ಇದ್ರು, ನಲ್ಲಿ ರಿಪೇರಿ ಮಾಡೋರಿದ್ರು, ಶಾಲೆ ಟೀಚರ್ ಇದ್ರು. ಮಾತಾಡೋಕೆ ಬರಬೇಕು, ಮರಳಲ್ಲಿ ನಡೆಯೋ ಕಾಲು ಬೇಕು, ಮಳೆಗೆ ಬೇಜಾರಾಗಬಾರದು. ಅಷ್ಟೇ.

ಟ್ರೇನಿಂಗ್ ನಡೆಯೋದು ಸೀಸನ್ನಿಗೆ ಮುಂಚೆ, ಚಳಿ ಶುರುವಾಗೋ ಹೊತ್ತಿಗೆ. ಒಂದಷ್ಟು ವಾರ ಪಾಠ, ಜೊತೆಗೆ ದಪ್ಪ ಕೈಪಿಡಿ: ಸೀಲು, ಹಕ್ಕಿ, ಗಿಡ, ಭೂಗರ್ಭ, ಇತಿಹಾಸ. ಆಮೇಲೆ ಹಳಬರ ಹಿಂದೆ ಹಿಂದೆ ನಡೆದು ಅವರು ಹೇಗೆ ಹೇಳ್ತಾರೆ, ಎಲ್ಲಿ ನಿಲ್ಲಿಸ್ತಾರೆ, ಯಾವಾಗ ಸುಮ್ಮನಾಗ್ತಾರೆ ಅಂತ ನೋಡಬೇಕು. ಕಲಿಯೋದೆಲ್ಲ ಅಲ್ಲೇ. ಯಾರೂ ನಿಮಗೆ ಒಂದು ಸ್ಕ್ರಿಪ್ಟ್ ಕೊಡಲ್ಲ. ಸತ್ಯ ಹೇಳಬೇಕು, ಸುರಕ್ಷಿತವಾಗಿ ವಾಪಸ್ ಕರ್ಕೊಂಡು ಬರಬೇಕು; ನಡುವೆ ಹೇಗೆ ಹೇಳ್ತೀರೋ ನಿಮ್ಮಿಷ್ಟ. ಒಂದು ಸೀಸನ್ನಿಗೆ ಇಂತಿಷ್ಟು ವಾಕ್ ಅಂತ ಒಪ್ಪಿಕೊಳ್ಳಬೇಕಾಗತ್ತೆ, ಅದನ್ನ ಮೊದಲೇ ಕೇಳಿ ತಿಳ್ಕೊಳ್ಳಿ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಡೋಸೆಂಟ್ ಇಲ್ಲದೆ ಯಾರೂ ಸೀಲ್‌ಗಳಿರೋ ಕಡೆ ಹೋಗೋ ಹಾಗಿಲ್ಲ. ಒಂದು ವಾಕ್ ಸುಮಾರು 3 ಮೈಲಿ, ಎರಡೂವರೆ ಗಂಟೆ.

ಈಗ ಕೆಲಸದ ವಿಷಯ. ಸೀಲ್ ಬಗ್ಗೆ ಮಾತಾಡೋದು ಅದರಲ್ಲಿ ಅರ್ಧವೂ ಅಲ್ಲ. ಜನರನ್ನ 25 ಅಡಿ ಆಚೆ ನಿಲ್ಲಿಸೋದೇ ಕೆಲಸ. ಗಂಡು ಸೀಲ್ 14ರಿಂದ 16 ಅಡಿ ಉದ್ದ, ತೂಕ ಎರಡು ಟನ್ನಿಗೂ ಮೇಲೆ. ಅದು ಸತ್ತ ಹಾಗೆ ಮಲಗಿರತ್ತೆ. ಲೂಪಿನ್ ಪೊದೆ ಪಕ್ಕದಲ್ಲಿ ಮಲಗಿದ್ರೆ ಮರಳು ಗುಡ್ಡೆ ಅಂದ್ಕೊಂಡು ಎಷ್ಟೋ ಜನ ನೇರ ಅದರ ಮೇಲೇ ನಡ್ಕೊಂಡು ಹೋಗ್ತಾರೆ. ಇನ್ನೊಂದು ಗಂಡು ಆ ಕಡೆಯಿಂದ ಬಂತು ಅಂದ್ರೆ ಎದ್ದು ಓಡೋ ವೇಗ ನೋಡಬೇಕು ನೀವು, ಮರಳಲ್ಲಿ ಮನುಷ್ಯನ ಕೈಲಾಗಲ್ಲ ಅಷ್ಟು. ಹಾಗಾಗಿ ಡೋಸೆಂಟ್ ಅಂದ್ರೆ ಒಂದು ಕಣ್ಣು ಗಂಡಿನ ಮೇಲೆ, ಇನ್ನೊಂದು ಕಣ್ಣು ಫೋನ್ ಹಿಡ್ಕೊಂಡು ಮೆಲ್ಲಗೆ ಹಿಂದಕ್ಕೆ ಹಿಂದಕ್ಕೆ ಜರುಗ್ತಿರೋ ಚಿಕ್ಕಪ್ಪನ ಮೇಲೆ. ದಾರಿಗೆ ಅಡ್ಡ ಮಲಗಿದ್ರೆ ಎಬ್ಬಿಸೋ ಹಾಗಿಲ್ಲ, ನಾವೇ ಸುತ್ತು ಹಾಕಬೇಕು ಇಲ್ಲಾ ಕಾಯಬೇಕು.

ಎಚ್4 ಬಗ್ಗೆ: ಸಂಬಳ ಇಲ್ಲದ, ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸದ ನಿಜವಾದ ಸೇವೆಯನ್ನ ಉದ್ಯೋಗ ಅಂತ ನೋಡಲ್ಲ, ನಮ್ಮಲ್ಲಿ ಎಚ್4ನವರು ಮಾಡಿದಾರೆ. ಆದ್ರೆ ವೀಸಾ ವಿಷಯಕ್ಕೆ ಈ ವೇದಿಕೆಯ ಮಾತು ನಂಬಬೇಡಿ, ನಿಮ್ಮ ವಕೀಲರನ್ನ ಒಂದು ಮಾತು ಕೇಳಿ. ಪಾರ್ಕಿನವರು ಅರ್ಜಿ ತುಂಬಿಸ್ತಾರೆ, ಬೆರಳಚ್ಚು ಕೊಡೋದಿರಬಹುದು.

ಧಾರವಾಡ_ಮಂದಿ

ಕಾಗೆ ಸಾಹೇಬ್ರ, ಛಲೋ ಬರದ್ರಿ. ನಮ್ಮನ್ಯಾಗ ಹುಡುಗ್ರು ಇದನ್ನ ನೋಡಾಕ ಹೋಗೂಣು ಅಂತ ಗಂಟು ಬಿದ್ದಾರ. ಆ ಗಂಡಸರು ಜಗಳಾಡೂದು ಖರೇನs ಕಾಣಸ್ತದೇನ್ರಿ, ಇಲ್ಲಾ ಟಿವ್ಯಾಗ ಅಷ್ಟೇನು?

ಕಡಲ_ಕಾಗೆ

ಕಾಣಿಸ್ತದೆ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರಗಳಲ್ಲಿ ಹೋಗಿ. ನಿಜವಾದ ಹೊಡೆದಾಟ ಕಡಿಮೆ, ಬೆದರಿಕೆಯೇ ಜಾಸ್ತಿ. ಮೊದಲು ಕೇಳೋದು ಸದ್ದು: ಖಾಲಿ ಬಾವಿಯೊಳಗೆ ಯಾರೋ ಬುಲೆಟ್ ಬೈಕ್ ಸ್ಟಾರ್ಟ್ ಮಾಡಿದ ಹಾಗೆ, ದಡ್ ದಡ್ ದಡ್. ಒಂದೊಂದು ಗಂಡಿನ ಲಯ ಒಂದೊಂದು. ಸಾಂತಾ ಕ್ರೂಜ್ ವಿಶ್ವವಿದ್ಯಾಲಯದವರು ಇದೇ ಕಡಲತೀರದಲ್ಲಿ ಧ್ವನಿಮುದ್ರಣ ಮಾಡಿ, ಮತ್ತೆ ಅವುಗಳಿಗೇ ಕೇಳಿಸಿ ನೋಡಿದಾರೆ. ಯಾರ ಕೈಲಿ ಹಿಂದೆ ಏಟು ತಿಂದಿದೆಯೋ ಅವನ ಸದ್ದು ಕೇಳಿದ್ರೆ ಸಾಕು, ಸೋತದ್ದು ಜಾಗ ಬಿಟ್ಟು ಹೋಗತ್ತೆ. ತನಗಿಂತ ಕೆಳಗಿನವನ ಸದ್ದಾದ್ರೆ ತಲೆ ಎತ್ತೋದೂ ಇಲ್ಲ. ಹೆಣ್ಣುಗಳ ಗುಂಪನ್ನ ಹಿಡಿದಿರೋದು ಕೆಲವೇ ಗಂಡುಗಳು. ಉಳಿದ ಬಹುತೇಕ ಗಂಡುಗಳು ಸಾಯೋವರೆಗೂ ಬ್ರಹ್ಮಚಾರಿಗಳೇ.

ಮೈಮೇಲೆ ದೊಡ್ಡಕ್ಷರದಲ್ಲಿ ನಂಬರ್ ಬರೆದಿರೋದು ಕಂಡ್ರೆ ಗಾಬರಿ ಬೀಳಬೇಡಿ. ಸಂಶೋಧಕರು ಕೂದಲಿಗೆ ಹಚ್ಚೋ ಬಣ್ಣದಲ್ಲೇ ಬರೀತಾರೆ, ರೋಮ ಉದುರಿದಾಗ ಅದೂ ಹೋಗತ್ತೆ. ಹಿಂಗಾಲಿನ ಈಜುರೆಕ್ಕೆಯಲ್ಲಿ ಹಸಿರು ಟ್ಯಾಗ್ ಇದ್ರೆ ಇಲ್ಲೇ ಹುಟ್ಟಿದ್ದು, ಗುಲಾಬಿ ಆದ್ರೆ ಉತ್ತರಕ್ಕಿರೋ ಪಾಯಿಂಟ್ ರೇಸ್ ತೀರದ್ದು. ಮಕ್ಕಳಿಗೆ ದುರ್ಬೀನು ಕೊಟ್ಟು ಟ್ಯಾಗ್ ಹುಡುಕೋಕೆ ಬಿಡಿ, ಅರ್ಧ ಗಂಟೆ ಪೀಡೆ ಇರಲ್ಲ.

ಕುಡ್ಲದ_ಬೊಂಡ

ನಮ್ಮ ಅಮ್ಮನನ್ನು ಕರ್ಕೊಂಡು ಹೋಗಿದ್ದೆ ಮಾರಾಯ್ರೆ. ಹೆಣ್ಣು ಸೀಲ್ ಮರಿ ಹಾಕಿದ ಮೇಲೆ ಸುಮಾರು ನಾಲ್ಕು ವಾರ ಏನೂ ತಿನ್ನದೆ, ನೀರೂ ಕುಡಿಯದೆ ಹಾಲು ಕೊಡ್ತದೆ ಅಂತ ಗೈಡ್ ಹೇಳಿದರು. ನಾನು ತುಳುವಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಅಲ್ಲೇ ನಿಂತುಬಿಟ್ಟರು. "ಬಾಣಂತಿ ಉಪವಾಸವಾ? ಅದನ್ನ ನೋಡಿಕೊಳ್ಳೋರು ಯಾರೂ ಇಲ್ವಾ?" ಅಂತ. ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿ ನೋಡಿ ಅಂತ ನನಗೇ ಗಂಟುಬಿದ್ದರು. ಗೈಡ್ ನಗಲಿಲ್ಲ, ಕೂತು ವಿವರಿಸಿದರು: ಮರಿ ಹುಟ್ಟುವಾಗ 34 ಕಿಲೋ ಆಸುಪಾಸು, ತಿಂಗಳೊಳಗೆ 130 ಕಿಲೋ ದಾಟ್ತದೆ, ಹಾಲಿನಲ್ಲಿ ಕೊನೆಕೊನೆಗೆ ಅರ್ಧಕ್ಕರ್ಧ ಕೊಬ್ಬು, ಅದಷ್ಟೂ ತಾಯಿಯ ಮೈಯಿಂದ ಇಳಿದದ್ದು ಅಂತ. ಮರಿ ಬೆಳೆದಂತೆ ತಾಯಿ ಇಳೀತಾಳೆ. ಆಮೇಲೆ ಒಂದು ದಿನ ಎದ್ದು ಸಮುದ್ರಕ್ಕೆ ಹೋಗ್ತಾಳೆ, ಮತ್ತೆ ಮರಿಯನ್ನು ನೋಡುವುದಿಲ್ಲ. ಅಮ್ಮನಿಗೆ ಇದು ಸರಿ ಬರಲಿಲ್ಲ. ಮಂಗಳೂರಿಗೆ ವಾಪಸ್ ಹೋದ ಮೇಲೂ ಫೋನಿನಲ್ಲಿ ಒಮ್ಮೊಮ್ಮೆ ಕೇಳ್ತಾರೆ, ಆ ಮರಿಗಳಿಗೆ ಈಜು ಯಾರು ಕಲಿಸಿದರು ಅಂತ.

ಕಡಲ_ಕಾಗೆ

ಬೊಂಡ ಅವ್ರೆ, ಅಮ್ಮನಿಗೆ ಹೇಳಿ: ಯಾರೂ ಕಲಿಸಲ್ಲ. ಮಾರ್ಚ್ ತಿಂಗಳಲ್ಲಿ ಹೋದ್ರೆ ತಾಯಂದಿರೆಲ್ಲ ಹೋಗಿರ್ತಾರೆ, ಹಾಲು ಬಿಟ್ಟ ಮರಿಗಳು ಗುಂಪು ಗುಂಪಾಗಿ ಮರಳಲ್ಲಿ ಬಿದ್ದಿರ್ತವೆ. ನಮ್ಮಲ್ಲಿ ಅವಕ್ಕೆ ವೀನರ್ ಅಂತಾರೆ. ಹುಟ್ಟುವಾಗಿನ ಕಪ್ಪು ರೋಮ ಉದುರಿ ಬೆಳ್ಳಿ ಬಣ್ಣ ಬಂದಿರತ್ತೆ. ಮಳೆ ನೀರು ನಿಂತ ಒಂದು ಹೊಂಡದಲ್ಲಿ ಒಂದು ವೀನರನ್ನ ಸುಮಾರು ಹೊತ್ತು ನೋಡಿದ್ದೆ. ಮೊಣಕಾಲು ಮುಳುಗುವಷ್ಟೂ ನೀರಿಲ್ಲ. ಮುಖ ಮಾತ್ರ ನೀರಿಗಿಟ್ಟು ಬೆನ್ನು ಪೂರ್ತಿ ಹೊರಗೆ. ಮೂಗಿನ ಹೊಳ್ಳೆ ಗಟ್ಟಿ ಮುಚ್ಚಿದೆ. ಮೂರ್ನಾಲ್ಕು ನಿಮಿಷಕ್ಕೊಮ್ಮೆ ತಲೆ ಎತ್ತಿ ಒಂದು ಸೀನು, ಸುತ್ತ ಎಲ್ಲ ಕೆಸರು, ಮತ್ತೆ ಮುಖ ಒಳಗೆ. ಉಸಿರು ಹಿಡಿಯೋ ಅಭ್ಯಾಸ ಅದು. ಹಸಿವಾದಾಗ ತಾನೇ ಸಮುದ್ರಕ್ಕೆ ಇಳಿಯತ್ತೆ, ಏಪ್ರಿಲ್ ಕೊನೆ ಹೊತ್ತಿಗೆ ವೀನರುಗಳು ಬಹುತೇಕ ಖಾಲಿ.

ಬದುಕಿ ದೊಡ್ಡದಾದ್ರೆ ಇದೇ ಪ್ರಾಣಿ ಒಂದೂವರೆ ಕಿಲೋಮೀಟರಿಗೂ ಆಳ ಮುಳುಗಬಲ್ಲದು. ಸಾಮಾನ್ಯ ಮುಳುಗು 20 ನಿಮಿಷ, ಮೇಲೆ ಬಂದು ಎರಡು ಮೂರು ನಿಮಿಷ ಉಸಿರಾಡಿ ಮತ್ತೆ ಕೆಳಗೆ, ಹಗಲು ರಾತ್ರಿ, ತಿಂಗಳುಗಟ್ಟಲೆ. ಇಲ್ಲಿನ ಹೆಣ್ಣುಗಳ ತಲೆಗೆ ಮಿದುಳಿನ ಅಲೆ ಅಳೆಯೋ ಟೋಪಿ ಹಾಕಿ ನೋಡಿದ ಅಧ್ಯಯನ 2023ರಲ್ಲಿ ಬಂತು: ಸಮುದ್ರದಲ್ಲಿರುವಾಗ ದಿನಕ್ಕೆ ಬರೀ ಎರಡು ಗಂಟೆ ನಿದ್ದೆ, ಅದೂ ಮುಳುಗುವಾಗಲೇ, ಹತ್ತು ಹತ್ತು ನಿಮಿಷದ ಕಂತಲ್ಲಿ. ತೀರದಲ್ಲಿ ಅವು ಸೋಮಾರಿ ಥರ ಬಿದ್ದಿರೋದು ನೋಡಿ ನಗೋರಿಗೆ ನಾನು ಮೊದಲು ಹೇಳೋದು ಇದನ್ನೇ.

ಬೆಂಗ್ಳೂರ್_ಬಾಲು

ಎಲ್ಲ ಸರಿ ಸ್ವಾಮಿ. ನಾವು ಹೋದಾಗ ಒಂದು ಮರಿ ತಾಯಿಯಿಂದ ಬೇರೆ ಆಗಿತ್ತು. ಬೇರೆ ಹೆಣ್ಣುಗಳ ಹತ್ರ ಹೋದ್ರೆ ಕಚ್ಚಿ ಓಡಿಸ್ತಿದ್ವು. ಕೂಗ್ತಾನೇ ಇತ್ತು. ನನ್ನ ಮಗ ಅತ್ತುಬಿಟ್ಟ. ಗೈಡನ್ನ ಕೇಳಿದ್ರೆ "ನಾವು ಮಧ್ಯೆ ಹೋಗಲ್ಲ" ಅಂದ್ರು. ಅಷ್ಟೊಂದು ಸ್ವಯಂಸೇವಕರು, ರೇಡಿಯೋ, ಜಾಕೆಟ್ಟು, ಬ್ಯಾಡ್ಜು, ಒಂದು ಮರಿ ಎತ್ತಿ ತಾಯಿ ಹತ್ರ ಬಿಡಕ್ಕಾಗಲ್ವಾ? ಕೈ ಕಟ್ಟಿ ನಿಂತ್ಕೊಳೋದಕ್ಕೆ ಸೇವೆ ಅಂತ ಯಾಕೆ ಹೆಸರು? ಜಗಳಕ್ಕೆ ಕೇಳ್ತಿಲ್ಲ, ಅವತ್ತಿಂದ ತಲೇಲಿ ಕೊರೀತಿದೆ.

ಸುಮಾ_ಸನ್ನಿವೇಲ್

ಇದು ನನಗೂ ಭಯ. ನೋಡ್ಕೊಂಡು ಸುಮ್ಮನಿರೋಕೆ ನನ್ನ ಕೈಲಾಗತ್ತೋ ಇಲ್ವೋ.

ಕಡಲ_ಕಾಗೆ

ಬಾಲು ಅವ್ರೆ, ಸರಿಯಾದ ಪ್ರಶ್ನೆ. ಟ್ರೇನಿಂಗಿನಲ್ಲಿ ಎಲ್ಲರೂ ಕೇಳೋದು ಇದನ್ನೇ, ಬಿಟ್ಟು ಹೋಗೋರು ಹೋಗೋದೂ ಇದಕ್ಕೇ.

ಮೊದಲು ಕಾನೂನು. 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮುಟ್ಟೋ ಹಾಗಿಲ್ಲ, ತೊಂದರೆ ಕೊಡೋ ಹಾಗಿಲ್ಲ. ಡೋಸೆಂಟ್ ಜಾಕೆಟ್ ಪರವಾನಗಿ ಅಲ್ಲ. ಆದ್ರೆ ಕಾನೂನು ಇಲ್ಲದಿದ್ರೂ ನಾನು ಮುಟ್ಟಲ್ಲ, ಯಾಕಂದ್ರೆ ಮರಿ ಎತ್ತೋಕೆ ನೀವು ಗುಂಪಿನೊಳಗೆ ಹೋಗಬೇಕು. ಮನುಷ್ಯ ಒಳಗೆ ನುಗ್ಗಿದ ಕೂಡಲೇ ಹೆಣ್ಣುಗಳು ಚದುರ್ತವೆ, ಗಂಡು ಎದ್ದು ಬರತ್ತೆ, ಎರಡು ಟನ್ ಮೈ ದಾರಿಯಲ್ಲಿ ಏನಿದೆ ಅಂತ ನೋಡಲ್ಲ. ಒಂದನ್ನ ಎತ್ತೋ ಹೊತ್ತಿಗೆ ಇನ್ನೆರಡು ಅದರ ಕೆಳಗೆ ಸಿಕ್ಕಿ ಸತ್ತಿರ್ತವೆ, ಮತ್ತೆ ಮೂರು ತಾಯಿ ತಪ್ಪಿರ್ತವೆ. ತಾಯಿ ಮರಿ ಗುರುತು ಹಿಡಿಯೋದು ಕೂಗು ಮತ್ತೆ ವಾಸನೆಯಿಂದ. ಯಾವ ತಾಯಿ ಅಂತ ನಮಗೆ ಗೊತ್ತಾಗೋದೂ ಇಲ್ಲ.

ಜನವರಿಯಲ್ಲಿ ದೊಡ್ಡ ಉಬ್ಬರ ಮತ್ತೆ ಬಿರುಗಾಳಿ ಒಟ್ಟಿಗೆ ಬಂದ ವರ್ಷ ತೀರದಲ್ಲಿ ತುಂಬ ಮರಿಗಳು ಕೊಚ್ಚಿ ಹೋಗ್ತವೆ. ಅಂಥ ಮಾರನೇ ದಿನ ವಾಕ್ ಮಾಡಿದೀನಿ. ಗುಂಪಿನಲ್ಲಿ ಒಬ್ಬ ಹೆಂಗಸು ಕೋಪದಿಂದ ನನ್ನ ಮುಖ ನೋಡೋದನ್ನೇ ಬಿಟ್ರು. ಅಂಥಾಗ ಸಮಾಧಾನದ ಮಾತು ಹೇಳಬಾರದು ಅಂತ ನನ್ನ ಅಭಿಪ್ರಾಯ. ಎದುರಿಗಿರೋದನ್ನ ಇದ್ದ ಹಾಗೆ ಹೇಳಬೇಕು: ಆ ಮರಿ ಸತ್ತಿದೆ, ಆ ಗಲ್ ಹಕ್ಕಿ ಅದನ್ನೇ ತಿಂತಿದೆ, ಆಚೆ ನೀರಿನಲ್ಲಿ ಬಿಳಿ ಶಾರ್ಕ್ ಓಡಾಡೋದೂ ಇದಕ್ಕೇ. ಕೆಲವು ಸಲ ಉಲ್ಟಾನೂ ಆಗತ್ತೆ. ಮರಿ ಕಳ್ಕೊಂಡ ತಾಯಿ ಅನಾಥ ಮರಿಗೆ ಹಾಲು ಕೊಟ್ಟಿದ್ದಿದೆ. ಇಬ್ಬರು ತಾಯಂದಿರ ಹಾಲು ಗಿಟ್ಟಿಸಿಕೊಂಡ ಮರಿ ಉಬ್ಬಿ ಅಲ್ಲಾಡೋಕೂ ಆಗದೆ ಬಿದ್ದಿರೋದನ್ನ ನೋಡಿ ನಕ್ಕಿದ್ದೂ ಇದೆ.

ಮನುಷ್ಯರಿಂದ ಆದ ಗಾಯ, ಬಲೆ ಸುತ್ತಿಕೊಂಡದ್ದು, ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿದ್ದು ಕಂಡ್ರೆ ಮಾತ್ರ ನಾವು ಸುಮ್ಮನಿರಲ್ಲ. ರೇಂಜರಿಗೆ ತಿಳಿಸ್ತೀವಿ, ಸಾಸಲಿಟೋದ ಮರೈನ್ ಮ್ಯಾಮಲ್ ಸೆಂಟರಿನಂಥ ಪರವಾನಗಿ ಇರೋರು ನೋಡ್ಕೋತಾರೆ. ಅಲ್ಲೂ ಸ್ವಯಂಸೇವಕರು ಬೇಕು. ಎತ್ತಬೇಕು, ಮೀನು ತಿನ್ನಿಸಬೇಕು, ಔಷಧಿ ಹಾಕಬೇಕು ಅನ್ನೋ ಕೈ ಇರೋರಿಗೆ ಅದು ಸರಿಯಾದ ಜಾಗ. ಆನ್ಯೊ ನ್ವೆವೊ ಅಲ್ಲ.

ಟೊಂಕದ_ಹುಡುಗ

ಅಮೆರಿಕಾದವ್ರ ಮಾತಿನ ಮಧ್ಯೆ ಬಾಯಿ ಹಾಕ್ತಾ ಇದ್ದೆ, ಕ್ಷಮಿಸಿ. ನಾನು ಹೊನ್ನಾವರದ ಕಾಸರಕೋಡದವ. ನಮ್ಮಲ್ಲಿ ಆಲಿವ್ ರಿಡ್ಲೆ ಕಡಲಾಮೆ ದಂಡೆಗೆ ಬಂದು ಮೊಟ್ಟೆ ಇಡ್ತದೆ. ಬೆಳಗಿನ ಜಾವ ದೋಣಿ ಇಳಿಸೋಕೆ ಹೋದವ್ರು ಅದರ ಜಾಡು ಕಂಡ್ರೆ ಅರಣ್ಯ ಇಲಾಖೆಗೆ ಹೇಳ್ತ್ರು. ಇಲಾಖೆಯವ್ರು, ಊರವ್ರು ಸೇರಿ ಸುತ್ತ ಬಲೆ ಕಟ್ಟಿ ತಾರೀಕು ಬರೆದು ಬೋರ್ಡ್ ಹಾಕ್ತ್ರು. ಒಂದೂವರೆ ತಿಂಗಳಿಂದ ಎರಡು ತಿಂಗಳೊಳಗೆ ಮರಿ ಹೊರಗೆ ಬರ್ತದೆ. ನಾಯಿ ಬರದ ಹಾಗೆ, ದೀಪದ ಕಡೆ ಹೋಗದ ಹಾಗೆ ಕಾದು ನೀರಿಗೆ ಬಿಡ್ತ್ರು. ನಾವು ಮಾಡೂದು ಕೈ ಹಾಕೂ ಕೆಲಸವೇ. ಕಾಗೆಯಣ್ಣ ಹೇಳೂ ಲೆಕ್ಕದಲ್ಲಿ ಇದೂ ತಪ್ಪಾ?

ಕಡಲ_ಕಾಗೆ

ಹುಡುಗಾ, ತಪ್ಪೇ ಅಲ್ಲ. ಕಾಸರಕೋಡಿನಲ್ಲಿ ಮೊಟ್ಟೆ ತಿನ್ನೋ ನಾಯಿ ನಮ್ಮದು, ದಂಡೆಯ ದೀಪ ನಮ್ಮದು, ಬಲೆ ನಮ್ಮದು. ನಾವು ತಂದ ತೊಂದರೆಯನ್ನ ನಾವೇ ತಡೀಬೇಕು. ಆನ್ಯೊ ನ್ವೆವೊದಲ್ಲಿ ಮರಿ ಕೊಲ್ಲೋದು ಅಲೆ ಮತ್ತೆ ಜಾಗದ ಇಕ್ಕಟ್ಟು. ಅದನ್ನ ಬಿಟ್ರೆ ಉಳಿದ ತೊಂದರೆ ನಮ್ಮ ಕಾಲುಗಳು, ಅದಕ್ಕೇ ನಮ್ಮನ್ನ 25 ಅಡಿ ಆಚೆ ಇಡೋದು. ಅಂದ ಹಾಗೆ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ 1972ರದ್ದೇ, ಎರಡು ಕಾಯ್ದೆಗೂ ಒಂದೇ ವಯಸ್ಸು. ಆಮೆ ಅದರ ಮೊದಲ ಪಟ್ಟಿಯಲ್ಲಿದೆ.

ನಿಮ್ಮೂರಲ್ಲಿ ಜಾಡು ಮೊದಲು ಕಾಣೋದು ಮೀನುಗಾರರಿಗೆ. ಅವರು ಹೇಳದಿದ್ರೆ ಇಲಾಖೆಗೆ ಗೊತ್ತೇ ಆಗಲ್ಲ. ಬ್ಯಾಡ್ಜ್ ಇಲ್ಲದ ಸ್ವಯಂಸೇವಕರು ಅವರು, ನಮಗಿಂತ ಒಂದು ತೂಕ ಜಾಸ್ತಿ.

ಬೆಂಗ್ಳೂರ್_ಬಾಲು

ಒಪ್ಪಿದೆ ಅಂತ ಹೇಳಲ್ಲ, ಆದ್ರೆ ಎರಡು ಮರಿ ಕೆಳಗೆ ಸಿಕ್ಕಿ ಸಾಯೋ ಮಾತನ್ನ ಅವತ್ತು ಗೈಡ್ ಹೇಳಿದ್ರೆ ಮಗನಿಗೆ ಅರ್ಥ ಆಗ್ತಿತ್ತು. "ನಾವು ಮಧ್ಯೆ ಹೋಗಲ್ಲ" ಅಂತ ಮಾತ್ರ ಹೇಳಿದ್ದು ಕಲ್ಲು ಹೃದಯ ಅನ್ನಿಸ್ತು.

ಕಡಲ_ಕಾಗೆ

ಆ ಮಾತು ನಿಜ. ನಿಯಮ ಮಾತ್ರ ಹೇಳಿ ಕಾರಣ ನುಂಗಿಕೊಂಡ್ರೆ ಅದು ಪೊಲೀಸ್ ಕೆಲಸ ಆಗತ್ತೆ.

ಹಳೇಬೀಡು_ಹರಟೆ

ಸೀಲ್ ಸೀಲ್ ಅಂತ ಎಲ್ಲರೂ ಸೀಲಿನ ಹಿಂದೆ ಬಿದ್ದಿದೀರಿ, ಆ ಜಾಗದ ಇತಿಹಾಸ ಯಾರಿಗೂ ಬೇಡ. ನಾನು ಡೋಸೆಂಟ್ ಅಲ್ಲ, ಆದ್ರೆ ಸುಮಾ ಅವರು ಆಗೋದಾದ್ರೆ ಇದನ್ನ ಬಿಡಬೇಡಿ ಅಂತ ಬರೀತಿದೀನಿ.

ಸ್ಪೇನಿನ ವಿಸ್ಕೈನೋನ ಹಡಗುಗಳು 1603ರ ಜನವರಿ 3ರಂದು ಈ ಭೂಶಿರದ ಪಕ್ಕ ಹಾದುಹೋದವು. ಹೊಸ ವರ್ಷದ ಹೊತ್ತು, ಜೊತೆಗಿದ್ದ ಪಾದ್ರಿ ಹಾಗೇ ಹೆಸರಿಟ್ಟ: ಆನ್ಯೊ ನ್ವೆವೊ ಅಂದ್ರೆ ಸ್ಪ್ಯಾನಿಷಿನಲ್ಲಿ ಹೊಸ ವರ್ಷ. ಇಳಿದು ನೋಡಲೂ ಇಲ್ಲ. ಇಲ್ಲಿದ್ದ ಜನ ಕಿರೋಸ್ತೆ, ಓಲೋನಿ ಮೂಲನಿವಾಸಿ ಸಮುದಾಯಗಳಲ್ಲಿ ಒಂದು ಬಲವಾದ ಗುಂಪು. 1769ರ ಅಕ್ಟೋಬರಿನಲ್ಲಿ ಸ್ಪೇನಿನ ಪೋರ್ತೊಲಾನ ದಂಡು ನೆಲದ ದಾರಿಯಲ್ಲಿ ಬಂದಾಗ ಸೈನಿಕರು ಸ್ಕರ್ವಿ ರೋಗ, ಹಸಿವು ಎರಡರಲ್ಲೂ ಸೊರಗಿದ್ದರು. ಕಿರೋಸ್ತೆಗಳು ಊಟ ಹಾಕಿ ದಾರಿ ತೋರಿಸಿದರು. ಅವರ ಊರಿನ ನಡುವಿದ್ದ ದೊಡ್ಡ ದುಂಡು ಮನೆ ನೋಡಿ ದಂಡಿನವರು ಊರಿಗೇ ಕಾಸಾ ಗ್ರಾಂದೆ ಅಂದರು, ದೊಡ್ಡಮನೆ. ಆ ದಂಡು ಅಲ್ಲಿಂದ ಮುಂದೆ ಹೋಗಿ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನ ಕಂಡಿತು. ಉಂಡ ಮನೆಯ ಕಥೆ ಆಮೇಲೆ ಏನಾಯ್ತು? 1791ರಲ್ಲಿ ಸಾಂತಾ ಕ್ರೂಜ್ ಮಿಷನ್ (ಸ್ಪೇನಿನ ಪಾದ್ರಿಗಳ ನೆಲೆ) ಶುರುವಾಯ್ತು, ಜನರನ್ನ ಅಲ್ಲಿಗೆ ಎಳೆದುಕೊಂಡರು. 1793ರ ಡಿಸೆಂಬರಿನಲ್ಲಿ ಕಿರೋಸ್ತೆಗಳು ಆ ಮಿಷನ್ ಮೇಲೆ ದಾಳಿ ಮಾಡಿ ಬೆಂಕಿಯಿಟ್ಟರು. ಚಾರ್ಕಿನ್ ಅನ್ನೋ ನಾಯಕನ ಹೆಸರು ದಾಖಲೆಯಲ್ಲಿದೆ. ಈ ಕರಾವಳಿಯಲ್ಲಿ ಮಿಷನ್ ವಿರುದ್ಧ ಕೈಯೆತ್ತಿದ ಮೊದಲಿಗರಲ್ಲಿ ಇವರಿದ್ದಾರೆ. ಡೋಸೆಂಟುಗಳಲ್ಲಿ ಎಷ್ಟು ಜನ ಈ ಹೆಸರು ಹೇಳ್ತೀರಿ?

ಇವತ್ತು ಕಿರೋಸ್ತೆಗಳಿದ್ದ ಕಣಿವೆಯಲ್ಲಿ ಅಮಾ ಮುತ್ಸುನ್ ಅನ್ನೋ ಮೂಲನಿವಾಸಿ ಸಮುದಾಯದ ಯುವಕರು ಪಾರ್ಕಿನ ಜೊತೆ, ಬರ್ಕ್ಲಿ ವಿಶ್ವವಿದ್ಯಾಲಯದ ಪುರಾತತ್ವದವರ ಜೊತೆ ಕೆಲಸ ಮಾಡ್ತಿದ್ದಾರೆ. ಹಿರಿಯರು ಹುಲ್ಲುಗಾವಲಿಗೆ ಹದವಾಗಿ ಬೆಂಕಿ ಹಾಕಿ ಬೀಜ, ಬೇಟೆ ಎರಡನ್ನೂ ಕಾಪಾಡಿಕೊಳ್ತಿದ್ದ ಪದ್ಧತಿಗೆ ಅಗೆತದಲ್ಲಿ ಕುರುಹು ಸಿಕ್ಕಿದೆ. ಬೆಂಕಿ ಹಾಕೋದನ್ನ ನಿಲ್ಲಿಸಿ ಕಾಡು ಒಣ ಸೌದೆಯಾಗಿ ಬೆಳೆದು 2020ರ ಆಗಸ್ಟಿನಲ್ಲಿ ಪಕ್ಕದ ಬಿಗ್ ಬೇಸಿನ್ ಕಾಡು ಸುಟ್ಟುಹೋದದ್ದು ನೆನಪಿರಬೇಕು ನಿಮಗೆಲ್ಲ.

ಕಡಲ_ಕಾಗೆ

ಹರಟೆ ಅವ್ರೆ, ನಾನು ಹೇಳ್ತೀನಿ. ಮರಳು ದಿಬ್ಬದ ಮೇಲೆ ಗಾಳಿ ಬೀಸಿ ಚಿಪ್ಪಿನ ಚೂರು, ಚರ್ಟ್ ಕಲ್ಲಿನ ಸಿಬರು ಹೊರಗೆ ಕಾಣೋ ಜಾಗ ಇದೆ. ಬಾಣದ ಮೊನೆ, ಚೂರಿ ಮಾಡೋಕೆ ಒಡೆದ ಕಲ್ಲು ಅದು, ಇಲ್ಲಿನ ಕಲ್ಲು ದೂರದೂರದ ಊರಿಗೆ ಹೋಗ್ತಿತ್ತು. ಅಲ್ಲಿ ನಿಲ್ಲಿಸಿ ಕಾಸಾ ಗ್ರಾಂದೆ ಕಥೆ ಹೇಳ್ತೀನಿ. ಆದ್ರೆ ಸೀಲಿನ ಸದ್ದು ಕಿವಿಗೆ ಬಿದ್ದ ಮೇಲೆ ಜನರ ತಲೆಗೆ 1769 ಹೋಗಲ್ಲ. ಹಾಗಾಗಿ ವಾಕಿನ ಮೊದಲ ಅರ್ಧ ಗಂಟೆಯಲ್ಲೇ ಇತಿಹಾಸ ಮುಗಿಸಬೇಕು.

ಹೊರಡೋ ಜಾಗದಲ್ಲಿರೋ ಹಳೇ ಕೊಟ್ಟಿಗೆ ಡೈರಿ ಕಾಲದ್ದು, ಸಂದರ್ಶಕರ ಕೇಂದ್ರ ಅಲ್ಲೇ ಇದೆ. ಸ್ಟೀಲ್ ಅಣ್ಣತಮ್ಮಂದಿರು 1860ರ ದಶಕದಲ್ಲಿ ಇಲ್ಲಿ ಹಸು ಕಟ್ಟಿ ಚೀಸ್ ಮಾಡ್ತಿದ್ರು. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನೆರವಿಗೆ ಅಂತ ಎರಡು ಟನ್ ಹತ್ತಿರ ತೂಗೋ ಒಂದೇ ಚೀಸ್ ಮಾಡಿ ಹರಾಜಿಗೆ ಕೊಟ್ಟಿದ್ರು. ಮಕ್ಕಳಿಗೆ ಹೇಳೋದು: "ಒಂದು ಗಂಡು ಸೀಲ್ ತೂಕದ ಚೀಸ್."

ಧಾರವಾಡ_ಮಂದಿ

ದಂಡಿ ಎದುರಿಗಿರೋ ಆ ದ್ವೀಪದ ಮ್ಯಾಲೆ ಒಂದು ಮುರುಕು ಮನಿ ಕಾಣ್ತದಲ್ಲಾ, ಅದೇನ್ರಿ?

ಕಡಲ_ಕಾಗೆ

ದೀಪಸ್ತಂಭ ಕಾಯೋರ ಮನೆ. ಆ ಬಂಡೆಗಳಿಗೆ ಹಡಗುಗಳು ಒಂದರ ಮೇಲೊಂದು ಬಡಿದು ಒಡೀತಿದ್ವು. 1865ರಲ್ಲಿ ಸರ್ ಜಾನ್ ಫ್ರಾಂಕ್ಲಿನ್, 1866ರಲ್ಲಿ ಕೋಯಾ, 1868ರಲ್ಲಿ ಹೆಲೆಸ್ಪಾಂಟ್. ಆಮೇಲೆ 1872ರಲ್ಲಿ ದ್ವೀಪದ ಮೇಲೆ ಮಂಜಿನಲ್ಲಿ ಊದೋ ಕಹಳೆ ಇಟ್ರು. ದೀಪ ಬಂದದ್ದು 1890ರಲ್ಲಿ. 1948ರಲ್ಲಿ ಮುಚ್ಚಿ ಎಲ್ಲರೂ ಎದ್ದುಹೋದ್ರು. ಈಗ ಆ ಮನೆಯೊಳಗೆ ಇರೋದು ಸೀ ಲಯನ್‌ಗಳು, ಹಕ್ಕಿಗಳು. ಸ್ನಾನದ ತೊಟ್ಟಿಯಲ್ಲೂ ಸೀ ಲಯನ್ ಮಲಗಿದ ಫೋಟೋ ಇದೆ. ದ್ವೀಪಕ್ಕೆ ಸಂಶೋಧಕರು ಬಿಟ್ರೆ ಯಾರೂ ಹೋಗೋ ಹಾಗಿಲ್ಲ, ನಮಗೂ ಇಲ್ಲ.

ಜನ ಹೋದ ಮೇಲೆಯೇ ಸೀಲುಗಳು ಬಂದದ್ದು. ಎಣ್ಣೆಗಾಗಿ ಕೊಂದು ಕೊಂದು 1892ರ ಹೊತ್ತಿಗೆ ಈ ಪ್ರಾಣಿ ಮುಗಿದೇ ಹೋಯ್ತು ಅಂತ ಆಗಿತ್ತು. ಆ ವರ್ಷ ಮೆಕ್ಸಿಕೋದ ಗ್ವಾದಲೂಪೆ ದ್ವೀಪದಲ್ಲಿ ವಿಜ್ಞಾನಿಗಳಿಗೆ ಎಂಟು ಕಂಡವು. ಮ್ಯೂಸಿಯಮ್ಮಿಗೆ ಮಾದರಿ ಬೇಕು ಅಂತ ಅವರು ಅದರಲ್ಲಿ ಏಳನ್ನ ಕೊಂದ್ರು. ಇದನ್ನ ಹೇಳಿದಾಗ ಪ್ರತಿ ಗುಂಪಿನಲ್ಲೂ ಒಬ್ಬರು "ಏನು?" ಅಂತ ಮತ್ತೆ ಕೇಳ್ತಾರೆ. ಹೌದು, ಏಳು. ಎಲ್ಲೋ ಸಮುದ್ರದಲ್ಲಿದ್ದ ಕೆಲವು ಉಳಿದಿದ್ವು, ಮೆಕ್ಸಿಕೋ ಸರ್ಕಾರ 1922ರಲ್ಲಿ ರಕ್ಷಣೆ ಕೊಡ್ತು. ಆನ್ಯೊ ನ್ವೆವೊ ದ್ವೀಪದಲ್ಲಿ ಮತ್ತೆ ಕಾಣಿಸಿದ್ದು 1955ರಲ್ಲಿ, ಅಲ್ಲಿ ಮೊದಲ ಮರಿ 1961ರಲ್ಲಿ, ಈ ದಡದ ಮೇಲೆ ಮೊದಲ ಮರಿ 1975ರಲ್ಲಿ. ಈಗ ಎರಡು ಲಕ್ಷ ದಾಟಿವೆ ಅಂತಾರೆ. ಎಲ್ಲ ಅದೇ ಬೆರಳೆಣಿಕೆಯವುಗಳ ಸಂತಾನ, ಹಾಗಾಗಿ ಇಡೀ ಜಾತಿಯಲ್ಲಿ ವಂಶವಾಹಿಯ ವೈವಿಧ್ಯ ತೀರಾ ಕಡಿಮೆ. ಒಂದು ರೋಗ ಬಂದ್ರೆ ಏನಾಗತ್ತೋ ಅನ್ನೋ ಭಯ ವಿಜ್ಞಾನಿಗಳಿಗೆ ಇದ್ದೇ ಇದೆ.

ಬಾಲು ಅವ್ರೆ, ಒಂದು ಮಾತು ನಿಮಗೆ. ಎಂಟರಲ್ಲಿ ಏಳನ್ನ ಕೊಂದ ಜನರಿಂದ ಎರಡು ಲಕ್ಷದವರೆಗೆ ಇವು ಬಂದದ್ದು ಯಾರೂ ಎತ್ತಿ ಸಾಕಿ ಅಲ್ಲ. ನಾವು ಕೈ ತೆಗೆದದ್ದಷ್ಟೇ.

ಬೆಂಗ್ಳೂರ್_ಬಾಲು

ಸರಿ ಸ್ವಾಮಿ, ಇದನ್ನ ಮಗನಿಗೆ ಓದಿ ಹೇಳ್ತೀನಿ. ಒಪ್ಪಿದ್ರೆ ಒಪ್ಪಲಿ.

ಕುಡ್ಲದ_ಬೊಂಡ

ಕನ್ನಡದಲ್ಲಿ ವಾಕ್ ಮಾಡಬಹುದಾ? ಚಳಿಗಾಲದಲ್ಲಿ ಊರಿಂದ ಬರುವ ಹಿರಿಯರು ಎಷ್ಟು ಜನ ಇರ್ತಾರೆ ಇಲ್ಲಿ. ಮಕ್ಕಳು ಅರ್ಧಂಬರ್ಧ ಅನುವಾದ ಮಾಡಿ ಹೇಳುವುದು, ಅವರು ತಲೆಯಾಡಿಸುವುದು.

ಕಡಲ_ಕಾಗೆ

ಟಿಕೆಟ್ ಎಲ್ಲರಿಗೂ ಒಂದೇ, ಗುಂಪಿನಲ್ಲಿ ಬೇರೆ ಭಾಷೆಯವರೂ ಇರ್ತಾರೆ, ಹಾಗಾಗಿ ಪೂರ್ತಿ ಕನ್ನಡದಲ್ಲಿ ಕಷ್ಟ. ಆದ್ರೆ ಗುಂಪಿನಲ್ಲಿ ಕನ್ನಡದ ಅಜ್ಜ ಅಜ್ಜಿ ಇದ್ರೆ ನಡೀತಾ ನಡೀತಾ ಅವರ ಪಕ್ಕ ಹೋಗಿ ಹೇಳ್ತೀನಿ. ಒಂದು ಕುಟುಂಬವೇ ಒಟ್ಟಾಗಿ ಬುಕ್ ಮಾಡಿ ಪಾರ್ಕಿಗೆ ಮೊದಲೇ ಹೇಳಿದ್ರೆ ಏನಾದ್ರೂ ಮಾಡಬಹುದೇನೋ, ಕೇಳಿ ನೋಡಬೇಕು. ಸುಮಾ ಅವರು ಬಂದ್ರೆ ಕನ್ನಡ ಮಾತಾಡೋರು ಇಬ್ಬರಾಗ್ತೀವಿ. ಮಂಡಿ ನೋವಿನ ಹಿರಿಯರಿಗೆ ಮರಳು ಕಷ್ಟ, ಗಾಲಿಕುರ್ಚಿ ಹೋಗೋ ಹಲಗೆ ದಾರಿಯ ವಾಕ್ ಬೇರೆ ಇದೆ, ಅದನ್ನ ಮುಂಚೆಯೇ ಕಾಯ್ದಿರಿಸಬೇಕು.

ಹೊಸಬರಿಗೆ ಇನ್ನು ಕೆಲವು: ಛತ್ರಿ ತರಬೇಡಿ, ಬಿಚ್ಚಿದ್ರೆ ಸೀಲುಗಳು ಬೆದರ್ತವೆ, ಟೋಪಿ ಇರೋ ರೇನ್‌ಕೋಟ್ ತನ್ನಿ. ದಾರಿ ಬದಿಯ ಮೂರೆಲೆಯ ಪಾಯ್ಸನ್ ಓಕ್ ಮುಟ್ಟಬೇಡಿ. ಪೆಸ್ಕಡೆರೋ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ. ಚಕ್ಕುಲಿ ಡಬ್ಬ ಕಾರಿನಲ್ಲೇ ಇರಲಿ, ಒಳಗೆ ನೀರು ಮಾತ್ರ. ಏಪ್ರಿಲಿಂದ ನವೆಂಬರ್‌ವರೆಗೆ ಗೈಡ್ ಇಲ್ಲದೆ ಪರ್ಮಿಟ್ ತಗೊಂಡು ಜನ ತಾವೇ ಹೋಗ್ತಾರೆ. ಆಗ ಡೋಸೆಂಟ್‌ಗಳು ನೋಡೋ ಜಾಗಗಳಲ್ಲಿ ನಿಂತು ಪ್ರಶ್ನೆಗೆ ಉತ್ತರ ಹೇಳ್ತಾರೆ. ಗಂಟೆಗಟ್ಟಲೆ ಮಾತಾಡೋಕೆ ಹಿಂಜರಿಕೆ ಇರೋರಿಗೆ ಅದರಿಂದ ಶುರು ಮಾಡೋದು ಸುಲಭ. ಮೇ ತಿಂಗಳಲ್ಲಿ ಹೆಣ್ಣುಗಳು ಚರ್ಮದ ಸಮೇತ ರೋಮ ಉದುರಿಸಿಕೊಂಡು ಬಿದ್ದಿರ್ತವೆ. ನೋಡಿದವರೆಲ್ಲ ಕೇಳೋದು ಒಂದೇ, "ಇವಕ್ಕೆ ಏನು ಕಾಯಿಲೆ?"

ಸುಮಾ_ಸನ್ನಿವೇಲ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ವಕೀಲರನ್ನ ಕೇಳಿದೆ, ತೊಂದರೆ ಇಲ್ಲ ಅಂದ್ರು. ಅರ್ಜಿ ಕಳಿಸಿದೀನಿ. ಮರಿ ಕೂಗೋ ವಿಷಯದಲ್ಲಿ ಇನ್ನೂ ಧೈರ್ಯ ಬಂದಿಲ್ಲ, ಅದು ಟ್ರೇನಿಂಗಿನಲ್ಲಿ ಗೊತ್ತಾಗಲಿ. ಸನ್ನಿವೇಲ್, ಕ್ಯುಪರ್ಟಿನೋ ಕಡೆಯಿಂದ ಯಾರಾದ್ರೂ ಬರೋದಿದ್ರೆ ಒಂದೇ ಕಾರಿನಲ್ಲಿ ಹೋಗಬಹುದು. 84ನೇ ರಸ್ತೆಯ ಲಾ ಹೋಂಡಾ ತಿರುವುಗಳಲ್ಲಿ ನನಗೆ ತಲೆ ಸುತ್ತತ್ತೆ, ಓಡಿಸೋರು ನೀವಾದ್ರೆ ಉಪ್ಪಿಟ್ಟು ನನ್ನದು.

ಧಾರವಾಡ_ಮಂದಿ

ಉಪ್ಪಿಟ್ಟು ಅಂದ್ರ ನಾ ಬರ್ತೇನ್ರಿ, ಡೋಸೆಂಟ್ ಆಗಿ ಅಲ್ಲ, ಡ್ರೈವರ್ ಆಗಿ.

ನಿರ್ವಾಹಕರು

ಕಾರ್‌ಪೂಲ್ ಮಾತಿಗೆ ಬೇರೆ ಎಳೆ ತೆರೆದಿದ್ದೇವೆ, ಅಲ್ಲಿ ಮುಂದುವರಿಸಿ. ಫೋನ್ ನಂಬರ್ ಯಾರೂ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿಕೊಳ್ಳಿ.